ಬಾಲನಟಿಯ ಹೆಸರಲ್ಲೊಂದು ಪ್ರಮೇಯ

ಬಾಲನಟರ ಕಥೆ ಅಂದ್ರೆ ನಮಗೆ ಗೊತ್ತಿರೋ ಧಾಟಿ ಒಂದೇ. ಮುದ್ದು ಮುಖ, ಮನೆಮಾತಾದ ಹೆಸರು, ದೊಡ್ಡವರಾದ ಮೇಲೆ ಅವಕಾಶವಿಲ್ಲ. ಕೊನೆಗೆ ‘ಈಗ ಹೇಗಿದ್ದಾರೆ ನೋಡಿ’ ಅನ್ನೋ ಒಂದು ಫೋಟೋ. ಅಮೆರಿಕದ ಡ್ಯಾನಿಕಾ ಮೆಕೆಲ್ಲರ್ ಕಥೆ ಮಾತ್ರ ಈ ಧಾಟಿಗೆ ಸಿಕ್ಕೋದಿಲ್ಲ.

1988ರಲ್ಲಿ ಎಬಿಸಿ ವಾಹಿನಿಯಲ್ಲಿ ‘ದಿ ವಂಡರ್ ಇಯರ್ಸ್’ ಧಾರಾವಾಹಿ ಶುರುವಾದಾಗ ಆಕೆಗೆ 13 ವರ್ಷ. ನಾಯಕ ಕೆವಿನ್ ಮನಸೋಲುವ ಹುಡುಗಿ ವಿನ್ನಿ ಕೂಪರ್ ಪಾತ್ರ ಆಕೆಯದು. ಆ ಪಾತ್ರಕ್ಕೆ ಪೈಪೋಟಿಗೆ ನಿಂತಿದ್ದವಳು ಯಾರು ಗೊತ್ತಾ? ಸ್ವಂತ ತಂಗಿ ಕ್ರಿಸ್ಟಲ್! ತಂಗಿಗೆ ಅದೇ ಧಾರಾವಾಹಿಯಲ್ಲಿ ಬೆಕಿ ಸ್ಲೇಟರ್ ಅನ್ನೋ ಬೇರೆ ಪಾತ್ರ ಸಿಕ್ತು. ಮುಂದೆ ಆಕೆ ವಕೀಲೆಯಾದಳು.

1993ರಲ್ಲಿ ಧಾರಾವಾಹಿ ಮುಗಿಯಿತು. ಆರು ಸೀಸನ್ ಕಾಲ ಜನ ನೋಡಿದ್ದು ವಿನ್ನಿಯನ್ನ. ಹಾಗಾದ್ರೆ ಡ್ಯಾನಿಕಾ ಯಾರು? ಹದಿನೆಂಟರ ಹುಡುಗಿಗೆ ಇದು ಸಣ್ಣ ಪ್ರಶ್ನೆಯಲ್ಲ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದಾಗಲೂ ಜನ ಗುರುತಿಸುತ್ತಿದ್ದದ್ದು ವಿನ್ನಿ ಅಂತಲೇ. ಆಕೆ ಅಲ್ಲಿ ಆರಿಸಿಕೊಂಡದ್ದು ಗಣಿತ. ಪರೀಕ್ಷೆ ಹಾಳೆಗೆ ಮುಖಪರಿಚಯ ಇರಲ್ಲ ನೋಡಿ. ಅಲ್ಲಿ ಬಂದ ಅಂಕ ಪೂರ್ತಿ ಅವಳದ್ದೇ.

ಪ್ರಾಧ್ಯಾಪಕ ಲಿಂಕನ್ ಚೇಯ್ಸ್ ಮತ್ತು ಸಹಪಾಠಿ ಬ್ರ್ಯಾಂಡಿ ವಿನ್ ಜೊತೆ ಸೇರಿ ಆಕೆ ಒಂದು ಪ್ರಮೇಯ ಸಾಧಿಸಿದಳು. ವಿಷಯ, ಎರಡು ಆಯಾಮದ ಜಾಲರಿಯ ಮೇಲೆ ಕಾಂತೀಯ ವಸ್ತುಗಳ ವರ್ತನೆ ತೋರಿಸುವ ಒಂದು ಮಾದರಿ. 1998ರಲ್ಲಿ ಪ್ರಬಂಧ ಪ್ರಕಟವಾಯ್ತು, ಅದೇ ವರ್ಷ ಅತ್ಯುನ್ನತ ಶ್ರೇಣಿಯಲ್ಲಿ ಪದವಿಯೂ ಬಂತು. ಇವತ್ತಿಗೂ ಅದು ‘ಚೇಯ್ಸ್–ಮೆಕೆಲ್ಲರ್–ವಿನ್ ಪ್ರಮೇಯ’. ಎಂ-3 ಪೇಪರ್ ಪಾಸಾದ್ರೆ ಸಾಕಪ್ಪಾ ಅಂತ ಕೈಮುಗಿದ ನಮ್ಮಂಥ ಇಂಜಿನಿಯರುಗಳಿಗೆ ಇದರ ತೂಕ ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದ ಮೇಲೆ ಆಕೆ ಪಿಎಚ್‌ಡಿಗೆ ಹೋಗಲಿಲ್ಲ, ನಟನೆಗೇ ವಾಪಸ್ ಬಂದಳು. ‘ದಿ ವೆಸ್ಟ್ ವಿಂಗ್’ ಧಾರಾವಾಹಿಯಲ್ಲಿ ಪಾತ್ರ, ‘ಯಂಗ್ ಜಸ್ಟಿಸ್’ ಕಾರ್ಟೂನಿಗೆ ಕಂಠದಾನ, ಹಾಲ್‌ಮಾರ್ಕ್ ವಾಹಿನಿಯ ಸಿನಿಮಾಗಳು ಬಂದವು. ವಿನ್ನಿಯಷ್ಟು ಹೆಸರು ಇವ್ಯಾವೂ ತರಲಿಲ್ಲ. ಆದರೆ ಗಣಿತ ಕೈಬಿಡಲಿಲ್ಲ. 2007ರಲ್ಲಿ ‘ಮ್ಯಾಥ್ ಡಸಂಟ್ ಸಕ್’ ಪುಸ್ತಕ ಬರೆದಳು. ಆಮೇಲೆ ಬೀಜಗಣಿತ, ರೇಖಾಗಣಿತದ ಪುಸ್ತಕಗಳೂ ಬಂದವು. ಎಲ್ಲವೂ ಮುಖ್ಯವಾಗಿ ಹದಿಹರೆಯದ ಹುಡುಗಿಯರಿಗಾಗಿ. ‘ಲೆಕ್ಕ ನನಗೆ ಹತ್ತಲ್ಲ’ ಅಂತ ಅವರು ಕೈಚೆಲ್ಲೋ ವಯಸ್ಸು ಅದೇ ಅಲ್ವಾ?

ಆ ಪುಸ್ತಕಗಳು ಹುಡುಗಿಯರ ಫ್ಯಾಷನ್ ಮ್ಯಾಗಜೀನ್ ಥರ ಇವೆ. ಶಾಪಿಂಗು, ಗೆಳತಿಯರ ಹರಟೆ, ನಡುವೆ ಭಿನ್ನರಾಶಿ. ಹುಡುಗಿಯರಿಗೆ ಲೆಕ್ಕ ಹೇಳೋಕೆ ಇಷ್ಟು ಅಲಂಕಾರ ಬೇಕಾ ಅಂತ ನನಗೂ ಕಿರಿಕಿರಿ ಆಗುತ್ತೆ. ಆದ್ರೆ ಚಂದ ಕಾಣೋದು ಮತ್ತು ಬುದ್ಧಿವಂತೆ ಆಗೋದು, ಎರಡರಲ್ಲಿ ಒಂದನ್ನೇ ಆರಿಸಿಕೋ ಅಂತ ಹುಡುಗಿಯರಿಗೆ ಹೇಳ್ತಾ ಬಂದಿರೋ ಲೋಕದಲ್ಲಿ, ಎರಡೂ ಇರಲಿ ಬಿಡಿ ಅನ್ನೋಕೆ ಆಕೆಗಿಂತ ತಕ್ಕವರು ಯಾರು?

ಒಂದು ಕೆಲಸದಲ್ಲಿ ಬಂದ ಹೆಸರೇ ಪೂರ್ತಿ ಗುರುತಾಗಿಬಿಡೋ ಭಯ ನಟಿಯರಿಗಷ್ಟೇ ಅಲ್ಲ, ಐಡಿ ಕಾರ್ಡ್ ಕೊರಳಿಗೆ ಹಾಕ್ಕೊಂಡು ಓಡಾಡೋ ನಮಗೂ ಇದೆ. ಡ್ಯಾನಿಕಾ ವಿನ್ನಿಯನ್ನ ಅಳಿಸೋಕೆ ಹೋಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಹೆಸರು ಬರೆದುಕೊಂಡಳು, ಅಷ್ಟೇ.