ತಂತಿ ತುಂಡಾಗದಿದ್ದರೂ ವಿದ್ಯುತ್ ನಿಲ್ಲುವುದೇಕೆ? ಪ್ರಸರಣ ಮಾರ್ಗಗಳ ವೋಲ್ಟೇಜ್ ಮಿತಿ ಮತ್ತು ಕೋನ ಮಿತಿ

ಬೇಸಗೆಯ ಗ್ರಾಮಸಭೆಗಳಲ್ಲಿ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸದಸ್ಯರು ಉತ್ತರಿಸಬೇಕಾಗಿ ಬರುವ ಪ್ರಶ್ನೆಯೊಂದಿದೆ. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿದೆ. 460 ಮೆಗಾವ್ಯಾಟ್‌ನ ವಾರಾಹಿ ಭೂಗರ್ಭ ವಿದ್ಯುದಾಗಾರ ಘಟ್ಟದ ಬುಡದಲ್ಲಿದೆ. ಭದ್ರಾ ಜಲಾಶಯದ ಹಿನ್ನೀರು ನರಸಿಂಹರಾಜಪುರದ ಅಂಚಿಗೇ ಬಂದು ನಿಂತಿದೆ. ಇಷ್ಟಿದ್ದೂ ತೋಟದ ಮೋಟಾರು ಏಳುವುದಿಲ್ಲ, ಸಂಜೆಯ ದೀಪ ಕೆಂಪಗೆ ಉರಿಯುತ್ತದೆ. ಕಂಬ ಬಿದ್ದಿಲ್ಲ, ತಂತಿ ತುಂಡಾಗಿಲ್ಲ. ಉತ್ಪಾದನೆಗೆ ಕೊರತೆಯಿಲ್ಲವೆಂಬ ಸುದ್ದಿಯನ್ನೂ ಜನ ಓದಿರುತ್ತಾರೆ. ಹಾಗಾದರೆ ಯಾರೋ ಬೇಕೆಂದೇ ತಡೆದಿದ್ದಾರೆ ಎಂಬ ತೀರ್ಮಾನಕ್ಕೆ ಸಭೆ ಬರುವುದು ಸಹಜ. ಆದರೆ ವಿದ್ಯುತ್ ಲಭ್ಯವಿರುವುದು ಬೇರೆ, ಅದನ್ನು ಒಂದು ಮಾರ್ಗವು ಊರಿನವರೆಗೆ ಸಾಗಿಸಬಲ್ಲದೇ ಎಂಬುದು ಬೇರೆ. ಈ ಎರಡನೆಯದಕ್ಕೆ ನಿಸರ್ಗವೇ ವಿಧಿಸಿರುವ ಮಿತಿಗಳಿವೆ.

ಮಿತಿಗಳು ಮೂರು. ಮೊದಲನೆಯದು ಶಾಖದ್ದು: ಹೆಚ್ಚು ಪ್ರವಾಹ ಹರಿದರೆ ತಂತಿ ಕಾದು, ಹಿಗ್ಗಿ, ಜೋತುಬೀಳುತ್ತದೆ. ಇದು ಕಣ್ಣಿಗೆ ಕಾಣುವಂಥದು, ವಿವರಣೆ ಬೇಡದು. ಎರಡನೆಯದು ವೋಲ್ಟೇಜಿನದು, ಮೂರನೆಯದು ಕೋನದ್ದು. ಅತ್ಯುಚ್ಚ ವೋಲ್ಟೇಜಿನ ಪ್ರಸರಣ ಮಾರ್ಗಗಳಲ್ಲಿ ಸ್ಥೂಲವಾಗಿ 80 ಕಿ.ಮೀ. ಉದ್ದದವರೆಗೆ ಶಾಖದ ಮಿತಿ, 80ರಿಂದ 320 ಕಿ.ಮೀ.ವರೆಗೆ ವೋಲ್ಟೇಜಿನ ಮಿತಿ, ಅದಕ್ಕೂ ಉದ್ದವಾದರೆ ಕೋನದ ಮಿತಿ ಮೊದಲು ಅಡ್ಡಬರುತ್ತದೆ. ಹಳ್ಳಿಗಳಿಗೆ ಬರುವ 11 ಕಿಲೊವೋಲ್ಟ್ ಫೀಡರುಗಳಲ್ಲಾದರೋ ಹತ್ತಿಪ್ಪತ್ತು ಕಿ.ಮೀ.ಗೇ ವೋಲ್ಟೇಜಿನ ಮಿತಿ ಎದುರಾಗುತ್ತದೆ. ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದರಂತೆ ಹರಡಿರುವ ಮಲೆನಾಡಿನಲ್ಲಿ ಫೀಡರು ಉದ್ದವಾಗದೆ ಗತಿಯಿಲ್ಲ. ಆದ್ದರಿಂದ ಈ ಮೂರು ತಾಲ್ಲೂಕುಗಳ ಮಟ್ಟಿಗೆ ವೋಲ್ಟೇಜಿನ ಮಿತಿಯೇ ದಿನನಿತ್ಯದ ವಿಷಯ.

ಗುಡ್ಡದ ಮೇಲಿನಿಂದ ಪೈಪಿನಲ್ಲಿ ಇಳಿಸಿಕೊಂಡ ಅಬ್ಬಿ ನೀರನ್ನು ನೆನೆದರೆ ಅರ್ಧ ವಿಷಯ ತಿಳಿಯುತ್ತದೆ. ದಾರಿಯ ನಲ್ಲಿಗಳೆಲ್ಲ ತೆರೆದಾಗ ಕಡೆಯ ಮನೆಯಲ್ಲಿ ನೀರಿನ ಒತ್ತಡ ಇಳಿಯುತ್ತದೆ. ಹಾಗೆಯೇ ಫೀಡರಿನ ತುದಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಲೆಕ್ಕವೊಂದನ್ನು ನೋಡಬಹುದು. ‘ರ್‍ಯಾಬಿಟ್’ ಎಂಬ ಹೆಸರಿನ ತಂತಿಯನ್ನು ಎಳೆದ (ತಂತಿಗಳಿಗೆ ಮೊಲ, ಮುಂಗುಸಿ ಜಾತಿಯ ಪ್ರಾಣಿಗಳ ಹೆಸರಿಡುವುದು ಬ್ರಿಟಿಷರ ಕಾಲದಿಂದ ಬಂದ ರೂಢಿ) 20 ಕಿ.ಮೀ. ಉದ್ದದ 11 ಕಿಲೊವೋಲ್ಟ್ ಮಾರ್ಗದ ತುದಿಯಲ್ಲಿ 1 ಮೆಗಾವ್ಯಾಟ್ ಹೊರೆಯಿದೆ ಎಂದುಕೊಳ್ಳೋಣ. ಇದು ಹತ್ತು ಅಶ್ವಶಕ್ತಿಯ ನೂರಕ್ಕೆ ತುಸು ಹೆಚ್ಚು ಪಂಪುಗಳ ಹೊರೆ. ಪಂಪುಗಳ ಶಕ್ತಿಗುಣಾಂಕ, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದರೆ ವೋಲ್ಟೇಜ್ ನೂರಕ್ಕೆ 13ರಷ್ಟು ಇಳಿಯುತ್ತದೆ. ಮನೆಯ ಲೆಕ್ಕಕ್ಕೆ ತಂದರೆ 230 ವೋಲ್ಟ್ ಇರಬೇಕಾದಲ್ಲಿ ಸುಮಾರು 200 ವೋಲ್ಟ್. ಅದೇ ಪಂಪುಗಳ ಬಳಿಯಲ್ಲೇ ತಕ್ಕ ಕೆಪಾಸಿಟರುಗಳನ್ನು ಜೋಡಿಸಿ ಶಕ್ತಿಗುಣಾಂಕವನ್ನು ಒಂದರ ಹತ್ತಿರಕ್ಕೆ ತಂದರೆ ಇಳಿತ ನೂರಕ್ಕೆ 9ರಷ್ಟಾಗುತ್ತದೆ, ವೋಲ್ಟೇಜ್ 210ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತಂತಿ ಅದೇ, ಪಂಪುಗಳೂ ಅವೇ. ವ್ಯತ್ಯಾಸವಾದುದು ರಿಯಾಕ್ಟಿವ್ ಶಕ್ತಿಯ ಸಾಗಣೆಯಲ್ಲಿ. ಮೋಟಾರು ತನ್ನೊಳಗೆ ಕಾಂತಕ್ಷೇತ್ರವನ್ನು ಕಟ್ಟಿಕೊಳ್ಳಲು ಬಳಸುವ ಈ ಶಕ್ತಿ ನೀರೆತ್ತುವುದಿಲ್ಲ. ಆದರೂ ತಂತಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಜಾಗ ಹಿಡಿಯುತ್ತದೆ, ವೋಲ್ಟೇಜನ್ನು ತಿನ್ನುತ್ತದೆ. ಕೆಪಾಸಿಟರು ಅದನ್ನು ಸ್ಥಳದಲ್ಲೇ ಒದಗಿಸುತ್ತದೆ.

ನೀರಿನ ಹೋಲಿಕೆ ಇಲ್ಲಿಗೆ ಮುಗಿಯಿತು. ಪೈಪಿಗೆ ಇನ್ನಷ್ಟು ನಲ್ಲಿ ಜೋಡಿಸಿದರೆ ಒಟ್ಟು ನೀರು ತುಸುವಾದರೂ ಹೆಚ್ಚುತ್ತದೆ. ವಿದ್ಯುತ್ ಮಾರ್ಗದಲ್ಲಿ ಒಂದು ಹಂತ ದಾಟಿದ ಮೇಲೆ ಹೊರೆ ಸೇರಿಸಿದಷ್ಟೂ ತಲುಪುವ ಒಟ್ಟು ವಿದ್ಯುತ್ತೇ ಕಡಿಮೆಯಾಗುತ್ತದೆ, ಏಕೆಂದರೆ ಪ್ರವಾಹ ಏರುವುದಕ್ಕಿಂತ ವೇಗವಾಗಿ ವೋಲ್ಟೇಜ್ ಕುಸಿಯುತ್ತದೆ. ಆ ಹಂತವೇ ವೋಲ್ಟೇಜ್ ಸ್ಥಿರತೆಯ ಮಿತಿ. ಮಾರ್ಗದ ಆರಂಭದಲ್ಲೇ ವೋಲ್ಟೇಜ್ ನೂರಕ್ಕೆ 10ರಷ್ಟು ಕಡಿಮೆಯಿದ್ದರೆ ಈ ಗರಿಷ್ಠ ಮಿತಿ ನೂರಕ್ಕೆ 19ರಷ್ಟು ಕುಗ್ಗುತ್ತದೆ.

ಮಿತಿಯ ಸಮೀಪಕ್ಕೆ ಬಂದ ಮಾರ್ಗವನ್ನು ಅದರಾಚೆಗೆ ತಳ್ಳುವುದು ಮೋಟಾರುಗಳ ಸ್ವಭಾವ. 230ರಲ್ಲಿ ಇರಬೇಕಾದ ವೋಲ್ಟೇಜ್ 200ಕ್ಕೆ ಬಂದರೆ ಮೋಟಾರಿನ ತಿರುಗುಬಲ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ನೀರಿನ ಭಾರವೇನೂ ಕಡಿಮೆಯಾಗಿರುವುದಿಲ್ಲವಾದ್ದರಿಂದ ಅದು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ; ಪೂರಾ ನಿಂತುಬಿಟ್ಟರೆ ಮಾಮೂಲಿನ ಐದಾರು ಪಟ್ಟು ಎಳೆದು ಸುರುಳಿ ಸುಡುತ್ತದೆ. ಒಂದು ತೋಟದ ಮೋಟಾರು ಹೀಗೆ ನಿಂತರೆ ಪಕ್ಕದ ತೋಟದ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಮನೆಮನೆಯ ಸ್ಟೆಬಿಲೈಸರುಗಳು ಕೂಡ ಇಳಿದ ವೋಲ್ಟೇಜನ್ನು ಏರಿಸಿಕೊಳ್ಳಲು ಮಾರ್ಗದಿಂದ ಹೆಚ್ಚು ಪ್ರವಾಹವನ್ನೇ ಎಳೆಯುತ್ತವೆ. ಮನೆಯೊಂದಕ್ಕೆ ಅದು ಪರಿಹಾರ, ಊರಿಗೆ ಅಲ್ಲ.

ಇದು ಹಳ್ಳಿಯ ಫೀಡರಿಗೆ ಮಾತ್ರ ಬಂದೊದಗುವ ಸಂಕಷ್ಟವಲ್ಲ. 1987ರ ಜುಲೈ 23ರಂದು ಟೋಕಿಯೊ ನಗರದಲ್ಲಿ ಬಿಸಿಲಿನ ಮಧ್ಯಾಹ್ನ, ಊಟದ ಬಿಡುವಿನ ನಂತರ ಹೊರೆ ಒಮ್ಮೆಲೇ ಏರಿ, ವೋಲ್ಟೇಜ್ ಕುಸಿದು, ಸುಮಾರು 8000 ಮೆಗಾವ್ಯಾಟ್ ಪೂರೈಕೆ ನಿಂತುಹೋಯಿತು. ಮಲೆನಾಡಿನಲ್ಲಿ ಅದಕ್ಕೆ ಸಮನಾದ ಗಳಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನದು. ಹೂಮಳೆ ತಡವಾದರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಹೂವಿಗೆ ನೀರು ಕೊಡುವ ಆ ಕೆಲವೇ ದಿನಗಳು ಎಲ್ಲ ತೋಟಗಳಿಗೂ ಒಂದೇ. ಅಡಿಕೆಗೆ ನೀರು ಬೇಕಾಗುವುದೂ ಆಗಲೇ, ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ಪಂಪು ಹೆಚ್ಚು ಹೊತ್ತು ಓಡಬೇಕಾದುದೂ ಆಗಲೇ.

ಕೋನದ ಮಿತಿ ಊರಿನಿಂದ ದೂರದ್ದು, ಆದರೆ ಅದರ ಪರಿಣಾಮ ಊರಿಗೂ ತಲುಪುತ್ತದೆ. ಅಡಿಕೆ ಕೊಯ್ಯುವ ಉದ್ದನೆಯ ದೋಟಿಯ ಬುಡವನ್ನು ತಿರುವಿದರೆ ತುದಿಯ ಕೊಕ್ಕೆ ಅಷ್ಟೇ ತಿರುಗುವುದಿಲ್ಲ. ಗೊನೆ ಬಿಗಿಯಾಗಿದ್ದಷ್ಟೂ ತುದಿ ಹಿಂದುಳಿಯುತ್ತದೆ. ದೋಟಿ ಉದ್ದವಾದಷ್ಟೂ ಈ ತಿರುಚು ಹೆಚ್ಚು. ಉತ್ಪಾದನಾ ತುದಿಯ ಯಂತ್ರಗಳಿಗೂ ಬಳಕೆಯ ತುದಿಗೂ ನಡುವೆ ಇಂಥದೇ ತಿರುಚು ಇರುತ್ತದೆ. ಅದನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಸಾಗುವ ವಿದ್ಯುತ್ ಆ ಕೋನದ ಸೈನ್ ಬೆಲೆಯನ್ನು ಅನುಸರಿಸುತ್ತದೆ: 30 ಡಿಗ್ರಿಯಲ್ಲಿ ಗರಿಷ್ಠದ ಅರ್ಧ, 90 ಡಿಗ್ರಿಯಲ್ಲಿ ಗರಿಷ್ಠ, ಅದರಾಚೆ ಇಳಿಮುಖ. 90 ದಾಟಿದರೆ ಉತ್ಪಾದನಾ ಯಂತ್ರದ ಶಕ್ತಿ ಹೊರಗೆ ಹೋಗಲಾರದೆ ಯಂತ್ರ ಇನ್ನೂ ವೇಗವಾಗಿ ತಿರುಗಿ ಉಳಿದವುಗಳ ಲಯ ತಪ್ಪುತ್ತದೆ. ಮಾರ್ಗವೊಂದು ಹಠಾತ್ತನೆ ಕಡಿದುಹೋದರೆ ಉಳಿದ ಮಾರ್ಗಗಳ ಕೋನ ಜಿಗಿಯುವುದರಿಂದ, ಸಾಮಾನ್ಯ ದಿನಗಳಲ್ಲಿ ಅದು 30 ಡಿಗ್ರಿಯ ಆಸುಪಾಸನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. ಅರ್ಧ ಸಾಮರ್ಥ್ಯವನ್ನು ಸುಮ್ಮನೆ ಬಿಟ್ಟಂತೆ ಹೊರಗಿನವರಿಗೆ ತೋರುತ್ತದೆ. ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ದೇಶ 2012ರಲ್ಲಿ ಕಂಡಿತು.

ಆ ವರ್ಷ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ 400 ಕಿಲೊವೋಲ್ಟ್ ಮಾರ್ಗ ಕಡಿದುಕೊಂಡಿತು. ಅದರ ಜೊತೆಯ ಮಾರ್ಗ ಕಾಮಗಾರಿಗಾಗಿ ಮೊದಲೇ ಬಂದ್ ಆಗಿತ್ತು. ಮಾರ್ಗದಲ್ಲಿ ದೋಷವೇನೂ ಇರಲಿಲ್ಲ. ಹೊರೆ ವಿಪರೀತವಾಗಿ, ವೋಲ್ಟೇಜ್ ಇಳಿದುದನ್ನು ರಕ್ಷಣಾ ರಿಲೇ ದೋಷವೆಂದೇ ಗ್ರಹಿಸಿತು. ಪಶ್ಚಿಮ ಮತ್ತು ಉತ್ತರ ವಲಯಗಳ ನಡುವಿನ ಕೋನ ಹಿಗ್ಗಿ ಉತ್ತರ ಭಾರತ ಕತ್ತಲಾಯಿತು. ಮರುದಿನ ಮಧ್ಯಾಹ್ನ ಮತ್ತೆ ಕುಸಿತ; ಉತ್ತರ, ಪೂರ್ವ, ಈಶಾನ್ಯ ವಲಯಗಳ ಸುಮಾರು 60 ಕೋಟಿ ಜನರು ಬಾಧಿತರಾದರು. ಕರ್ನಾಟಕವನ್ನೊಳಗೊಂಡ ದಕ್ಷಿಣ ವಲಯ ಒಂದಿಷ್ಟು ಹೊರೆಯನ್ನು ಕಳಚಿಕೊಂಡು ಉಳಿದುಕೊಂಡಿತು. ಆಗ ಅದು ಉಳಿದ ದೇಶದೊಡನೆ ತಾಲ್ಚೇರ್–ಕೋಲಾರದಂಥ ನೇರ ಪ್ರವಾಹದ ಕೊಂಡಿಗಳಿಂದ ಮಾತ್ರ ಸೇರಿತ್ತು. ನೇರ ಪ್ರವಾಹಕ್ಕೆ ಕೋನದ ತಿರುಚು ಇಲ್ಲ.

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣ ವಲಯವೂ ಕೂಡಿಕೊಂಡು ದೇಶವೆಲ್ಲ ಒಂದೇ ಜಾಲವಾಯಿತು. ಅಂದಿನಿಂದ ಶರಾವತಿಯ ಯಂತ್ರಗಳೂ ಪಂಜಾಬಿನ ಯಂತ್ರಗಳೂ 50 ಹರ್ಟ್ಸ್‌ನ ಒಂದೇ ಲಯಕ್ಕೆ ಕಟ್ಟುಬಿದ್ದಿವೆ. ಒಂದೆಡೆ ಕೊರತೆಯಾದರೆ ಇನ್ನೊಂದೆಡೆಯಿಂದ ತರಿಸಬಹುದು, ಆದರೆ ತರಿಸುವ ಪ್ರಮಾಣಕ್ಕೆ ಕೋನ ಮತ್ತು ವೋಲ್ಟೇಜಿನ ಕಡಿವಾಣವಿದೆ. ಆವರ್ತನ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಕೆಲವು ಫೀಡರುಗಳನ್ನು ರಿಲೇಗಳೇ ಕ್ಷಣಾರ್ಧದಲ್ಲಿ ಕಡಿದುಹಾಕುತ್ತವೆ. ಸ್ಥಳೀಯ ಕಾರಣವಿಲ್ಲದೆ ವಿದ್ಯುತ್ ಹೋಗಿ, ಮಾರ್ಗದಾಳುವಿಗೂ ಕಾರಣ ಗೊತ್ತಿರದ ಸಂದರ್ಭಗಳಲ್ಲಿ ಕೆಲವು ಇಂಥವು.

ಇನ್ನು ಶರಾವತಿಯ ಪ್ರಶ್ನೆ. ಅಲ್ಲಿನ ವಿದ್ಯುತ್ 220 ಕಿಲೊವೋಲ್ಟ್ ಮಾರ್ಗಗಳಲ್ಲಿ ಹೊರಡುತ್ತದೆ. ಆ ಮಾರ್ಗ ಊರ ಮೇಲೆಯೇ ಹಾದುಹೋದರೂ ಊರಿಗೆ ಇಳಿಯಬೇಕಾದರೆ ಸ್ವೀಕರಣಾ ಕೇಂದ್ರ, ಅಲ್ಲಿಂದ ಉಪಕೇಂದ್ರ, ಅಲ್ಲಿಂದ 11 ಕಿಲೊವೋಲ್ಟ್ ಫೀಡರು, ಕಡೆಗೆ ಟಿ.ಸಿ. ಬೇಕು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ದಾರಿಯ ಹಳ್ಳಿಗಳನ್ನು ಬಿಟ್ಟು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋದುದಕ್ಕೂ ಭಾಗಶಃ ಇದೇ ಕಾರಣ. ಉತ್ಪಾದನೆಯ ಸಾಮೀಪ್ಯದಿಂದ ತುದಿಯ ವೋಲ್ಟೇಜ್ ಏರುವುದಿಲ್ಲ. ಉಪಕೇಂದ್ರದ ಸಾಮೀಪ್ಯದಿಂದ ಏರುತ್ತದೆ.

ಗ್ರಾಮ ಪಂಚಾಯಿತಿಯ ಕೈಯಲ್ಲಿರುವುದು ಕಡಿಮೆಯೇನಲ್ಲ. ಕುಡಿಯುವ ನೀರಿನ ಹೊಸ ಪಂಪಿನ ಅಂದಾಜುಪಟ್ಟಿಯಲ್ಲಿ ತಕ್ಕ ಅಳತೆಯ ಕೆಪಾಸಿಟರು ಸೇರಿದೆಯೇ, ಹಳೆಯದರಲ್ಲಿ ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಪರಿಶೀಲಿಸಬಹುದು. ಮೇಲ್ತೊಟ್ಟಿಗೆ ಸಾಕಷ್ಟು ಸಂಗ್ರಹವಿದ್ದರೆ ನೀರಗಂಟಿಯು ತೋಟಗಳ ಪಂಪುಗಳು ಓಡುವ ವೇಳೆಯನ್ನು ಬಿಟ್ಟು ನೀರೆತ್ತಬಹುದು. ಆಟೊ ಸ್ಟಾರ್ಟರುಗಳ ವಿಷಯ ಇದಕ್ಕಿಂತ ಮುಖ್ಯ. ವಿದ್ಯುತ್ ಬಂದ ಕೂಡಲೇ ಫೀಡರಿನ ಎಲ್ಲ ಪಂಪುಗಳೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಆ ಕ್ಷಣದಲ್ಲೇ ನೆಲಕಚ್ಚಿ ಉಪಕೇಂದ್ರದಲ್ಲಿ ಮತ್ತೆ ಕಡಿತವಾಗುತ್ತದೆ. ಒಂದೊಂದು ಸ್ಟಾರ್ಟರಿಗೂ ಕೆಲವು ನಿಮಿಷಗಳ ಬೇರೆ ಬೇರೆ ವಿಳಂಬವನ್ನು ಅಳವಡಿಸಿಕೊಳ್ಳುವಂತೆ ಬೆಳೆಗಾರರನ್ನು ವಾರ್ಡ್ ಸಭೆಯಲ್ಲಿ ಒಪ್ಪಿಸಲು ಹಣ ಬೇಕಿಲ್ಲ.

ದೂರು ಬರೆಯುವಾಗ ‘ವೋಲ್ಟೇಜ್ ಇಲ್ಲ’ ಎಂದಷ್ಟೇ ಬರೆಯದೆ ಯಾವ ಗಂಟೆಯಲ್ಲಿ ಎಷ್ಟು, ಒಂದೇ ಫೇಸಿನಲ್ಲೋ ಮೂರರಲ್ಲೋ, ಒಂದೇ ಟಿ.ಸಿ.ಯಲ್ಲೋ ಇಡೀ ಫೀಡರಿನಲ್ಲೋ ಎಂಬುದನ್ನು ವಾರದ ಮಟ್ಟಿಗೆ ಗುರುತು ಹಾಕಿಕೊಂಡಿದ್ದರೆ ಉತ್ತರ ಬೇಗ ದೊರೆಯುತ್ತದೆ. ಒಂದೇ ಟಿ.ಸಿ.ಯದಾದರೆ ಅದರ ಸಾಮರ್ಥ್ಯದ ಪ್ರಶ್ನೆ. ಫೀಡರಿನದಾದರೆ ಮೆಸ್ಕಾಂನ ವಿತರಣಾ ಯೋಜನೆಯ ಪ್ರಶ್ನೆ. ಉಪಕೇಂದ್ರಕ್ಕೆ ಬರುವಾಗಲೇ ಕಡಿಮೆಯಿದ್ದರೆ ಅದು ಪ್ರಸರಣ ನಿಗಮದ ಅಂಗಳದ್ದು.

ಹೊಸ ಉಪಕೇಂದ್ರಕ್ಕೆ ನಿವೇಶನ ಗುರುತಿಸುವ ಸಂದರ್ಭ ಬಂದಾಗ ಸರ್ಕಾರಿ ಜಾಗ ಸುಲಭವಾಗಿ ಸಿಗುವ ಮೂಲೆಯನ್ನೇ ತೋರಿಸುವುದುಂಟು. ಉದ್ದಕ್ಕೂ ಹೊರೆ ಹರಡಿರುವ ಫೀಡರಿನ ನಡುವೆ ಉಪಕೇಂದ್ರ ಬಂದರೆ ಎರಡೂ ಕವಲುಗಳಿಗೆ ಅರ್ಧ ಉದ್ದ, ಅರ್ಧ ಹೊರೆ. ವೋಲ್ಟೇಜಿನ ಇಳಿತ ಕಾಲು ಭಾಗಕ್ಕೆ ಬರುತ್ತದೆ. ನೂರಕ್ಕೆ 13ರಷ್ಟಿದ್ದ ಇಳಿತ ನೂರಕ್ಕೆ 3ರ ಆಸುಪಾಸಿಗೆ ಬಂದರೆ 200 ವೋಲ್ಟ್ ಸಿಗುತ್ತಿದ್ದ ಮನೆಗೆ 222 ವೋಲ್ಟ್ ಸಿಗುತ್ತದೆ. ಅದೇ ಉಪಕೇಂದ್ರವನ್ನು ಈಗಿನದರ ಪಕ್ಕದಲ್ಲೇ ಕಟ್ಟಿದರೆ ತುದಿಯ ಮನೆಯ ದೀಪ ಇದ್ದಂತೆಯೇ ಇರುತ್ತದೆ.