ಮೆಟ್ಟಿಲ ಮೇಲಿನ ಜಾಗ

ಬೆಳಿಗ್ಗೆ 6.40. ಗೋವಾದ ವಾಸ್ಕೋದಲ್ಲಿ ಮಂಗೋರ್ ಹಿಲ್ಲಿನ ಇಳಿಜಾರು. ಗೇರುಮರದ ಬುಡದಲ್ಲಿ ಏಳು ಹರಟೆಮಲ್ಲಗಳು ತರಗೆಲೆ ಮಗುಚುತ್ತಿವೆ. ಮಣ್ಣಿನ ಬಣ್ಣದ ಮೈ, ಹಳದಿ ಕೊಕ್ಕು, ಸದಾ ಸಿಟ್ಟಿನಲ್ಲಿರುವಂತೆ ಕಾಣುವ ಬಿಳಿಚು ಕಣ್ಣು. ಎಂಟನೆಯದು ಮೇಲೆ ಒಣಕೊಂಬೆಯಲ್ಲಿ ಕೂತಿದೆ. ಏನೂ ತಿನ್ನುತ್ತಿಲ್ಲ, ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದೆ ಅಷ್ಟೆ. ಹನ್ನೊಂದು ನಿಮಿಷದ ಮೇಲೆ ಅದು ಕೆಳಗಿಳಿಯಿತು, ಇನ್ನೊಂದು ಮೇಲೇರಿತು. ಕಾವಲು ಬದಲಾಯಿತು.

ಕೆಳಗೆ ಬೈನಾ ಕಡಲತೀರ, ಆಚೆ ಮುರಗಾಂವ್ ಬಂದರು. ಗೇರೆಲೆಯ ಮೇಲೆ ಬೆರಳಾಡಿಸಿದರೆ ತುದಿಗೆ ಬಂದರಿನ ಕಲ್ಲಿದ್ದಲ ಕಪ್ಪು ಹತ್ತುತ್ತದೆ. ಗುಡ್ಡವೆಲ್ಲ ಜಂಬಿಟ್ಟಿಗೆ ಕಲ್ಲು. ಮಳೆಗಾಲದಲ್ಲಿ ಹಸಿರು ಪಾಚಿ, ನವೆಂಬರ್ ಹೊತ್ತಿಗೆ ಮತ್ತೆ ಕೆಂಪು. ಆ ಕಲ್ಲಿನ ನಡುವೆ ಒತ್ತೊತ್ತಾಗಿ ಮನೆಗಳು. ಹೊಸ್ತಿಲುಗಳಿಂದ ಕೇಳಿಸುವ ಮಾತಿನಲ್ಲಿ ಕೊಂಕಣಿ ಇದೆ, ಹಿಂದಿ ಇದೆ, ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕನ್ನಡವಿದೆ. ಹುಬ್ಬಳ್ಳಿ, ಲೋಂಡಾ ದಾಟಿ, ದೂಧ್‌ಸಾಗರದ ಘಟ್ಟವಿಳಿದು ಬರುವ ರೈಲು ವಾಸ್ಕೋದಲ್ಲಿ ಕೊನೆಗೊಳ್ಳುತ್ತದೆ. ಆ ಹಳಿಯ ತುದಿಗೆ ಬಂದು ಇಳಿದವರು ಕಟ್ಟಡ ಕೆಲಸಕ್ಕೆ, ಮೀನಿನ ಬುಟ್ಟಿ ಹೊರುವುದಕ್ಕೆ, ಮನೆಗೆಲಸಕ್ಕೆ ಹಂಚಿಹೋದರು.

ನಾಲ್ವರು ವಿದ್ಯಾರ್ಥಿಗಳು ನನಗೆ ಸಿಕ್ಕಿದ್ದು ಇದೇ ಗೇರುಮರದ ಹತ್ತಿರ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎಂ.ಎಸ್.ಡಬ್ಲ್ಯೂ., ಓದುತ್ತಿದ್ದವರು, ಕ್ಷೇತ್ರಕಾರ್ಯಕ್ಕೆಂದು ಪ್ರತಿ ಐತವಾರ ಇಲ್ಲಿನ ಹೆಣ್ಣುಮಕ್ಕಳ ಗುಂಪಿನ ಜೊತೆ ಕೂರುತ್ತಿದ್ದರು. ವೃಂದಗತ ಸಮಾಜಕಾರ್ಯದ, ಅಂದರೆ ಗುಂಪುಗಳ ಜೊತೆ ಮಾಡುವ ಸಮಾಜಕಾರ್ಯದ, ಸಮ್ಮೇಳನವೊಂದರಲ್ಲಿ ಪ್ರಬಂಧ ಮಂಡಿಸಬೇಕಿತ್ತು. ಹುಡುಗಿಯೊಬ್ಬಳು ನನ್ನ ಟಿಪ್ಪಣಿ ಪುಸ್ತಕ ಇಣುಕಿ ನೋಡಿ, "ಹಕ್ಕಿ ಎಷ್ಟು ಅನ್ನೋದು ಬಿಟ್ಟು ಇಷ್ಟೆಲ್ಲ ಬರೀತೀರಾ ಸರ್?" ಎಂದಳು. ತನ್ನ ಪುಸ್ತಕವನ್ನೂ ತೋರಿಸಿದಳು. "ಹಾಜರಿ 14. ವಿಷಯ: ನೀರು. ಸಭೆ ಯಶಸ್ವಿ."

ಎಣಿಕೆ ತಪ್ಪಲ್ಲ. ನಾನೂ ಎಣಿಸಿಯೇ ಶುರು ಮಾಡುತ್ತೇನೆ. ಆದರೆ ಎಂಟು ಹಕ್ಕಿ ಎಂದು ಬರೆದರೆ ಕೊಂಬೆಯ ಮೇಲೆ ಕಾವಲಿದ್ದದ್ದು ಯಾವುದು, ಎಷ್ಟು ಹೊತ್ತು ಹಸಿದುಕೊಂಡಿತ್ತು ಎಂಬುದು ಬರುವುದಿಲ್ಲ. ಮೊದಲು ಬಂದವರು ಯಾರು, ಯಾರ ಪಕ್ಕ ಯಾರು ಕೂತರು, ಯಾರು ಮಾತು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು, ಆಗ ಯಾರು ತಿರುಗಿ ನೋಡಿದರು, ಇದನ್ನು ಬರೆದು ನೋಡಿ ಎಂದೆ. ಅವರಿಗೆ ಇದು ಪೂರ್ತಿ ಹೊಸದಾಗಿರಲಿಲ್ಲ. ಗುಂಪಿನಲ್ಲಿ ಯಾರು ಯಾರ ಕಡೆ ವಾಲುತ್ತಾರೆಂದು ವೃತ್ತ ಮತ್ತು ಬಾಣಗಳಲ್ಲಿ ತೋರಿಸುವ ಸೋಷಿಯೋಗ್ರಾಮನ್ನು ಮನೋವೈದ್ಯ ಜೇಕಬ್ ಮೊರೆನೊ 1934ರಷ್ಟು ಹಿಂದೆಯೇ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಅದನ್ನು ಅವರು ಪರೀಕ್ಷೆಗೆ ಓದಿದ್ದರು. ಇಲ್ಲಿ ಸಭೆ ಸೇರುವ ಮೆಟ್ಟಿಲ ಮೇಲೆ ಅದು ಮೈತಳೆದು ಕೂತಿದೆ ಎಂದು ಹೊಳೆದಿರಲಿಲ್ಲ.

ಮುಂದಿನ ಐತವಾರ ನಾನೂ ಹೋದೆ, ದೂರದಲ್ಲಿ ಕೂತೆ. ಸಂಜೆ ನಾಲ್ಕೂವರೆ. ಎರಡು ಸಾಲು ಮನೆಗಳ ನಡುವಿನ ಕಲ್ಲುಮೆಟ್ಟಿಲೇ ಸಭೆಯ ಜಾಗ. ವಿದ್ಯಾರ್ಥಿನಿ ನಿಂತೇ ಬರೆಯುತ್ತಿದ್ದಳು. "ಕುಂದ್ರವಾ ತಂಗಿ, ನಿಂತಕೊಂಡು ಬರದ್ರ ಏನ್ ತಿಳೀತೈತಿ?" ಎಂದರು ಬಾದಾಮಿ ಕಡೆಯ ಹಿರಿಯಾಕೆ. ಅವಳು ಮೂರನೆಯ ಮೆಟ್ಟಿಲಲ್ಲಿ ಕೂತಳು. ಪುಸ್ತಕ ತೊಡೆಗಿಳಿಯಿತು, ಅವಳ ಕಣ್ಣು ಎಲ್ಲರ ಕಣ್ಣಿನ ಮಟ್ಟಕ್ಕೆ ಬಂತು.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, ನಳದ ಪಕ್ಕ, ಕುಷ್ಟಗಿಯ ಕಡೆಯಿಂದ ಬಂದ ಒಬ್ಬಾಕೆ. ಕೊನೆಗೆ ಬಂದು, ಒಂದು ಮೊಣಕಾಲು ಎತ್ತಿ, ಯಾವ ಗಳಿಗೆಯಲ್ಲಾದರೂ ಎದ್ದುಹೋಗುವಂತೆ ಕೂತಿದ್ದರು. ಮೂರು ವಾರ ಹಾಗೆಯೇ. ನಾಲ್ಕನೆಯ ವಾರ ಮಾತು ಕೋವಿಡ್ಡಿನ 2020ರ ಕಡೆ ಹೊರಳಿತು. ಆ ಜೂನ್ ಆರಂಭದಲ್ಲಿ ಮಂಗೋರ್ ಹಿಲ್ ಗೋವಾದ ಮೊದಲ ಕಂಟೈನ್‌ಮೆಂಟ್ ಝೋನ್ ಆಗಿತ್ತು. ಒಬ್ಬೊಬ್ಬರೂ ರೇಷನ್ನು, ಬಾಡಿಗೆ ಎಂದು ಹೇಳುತ್ತಿದ್ದಾಗ ಕೆಳಗಿನ ಮೆಟ್ಟಿಲಿನಿಂದ ಮೊದಲ ಸಲ ದನಿ ಬಂತು: "ದಾರಿ ತಗದ ಮ್ಯಾಲೂ ಮಂಗೋರ್ ಅಂದ್ರ ಕೆಲಸದ ಮನಿಯವ್ರು ಬಾಗಲಾ ತಗೀಲಿಲ್ರೀ. ಬ್ಯಾರೆ ಓಣಿ ಹೆಸರ ಹೇಳಿ ಕೆಲಸ ಹಿಡದೆ."

ಯಾರೂ ಏನೂ ಹೇಳಲಿಲ್ಲ. ಬಾದಾಮಿಯವರು ತಮ್ಮ ಪಕ್ಕದಲ್ಲಿದ್ದ ಕೈಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ತೆರವಾದದ್ದು ಒಂದು ಗೇಣಿನ ಜಾಗ. ಸ್ವಲ್ಪ ಹೊತ್ತಿಗೆ ಕುಷ್ಟಗಿಯವರು ಎದ್ದು, ಎರಡು ಮೆಟ್ಟಿಲು ಹತ್ತಿ ಅಲ್ಲಿ ಕೂತರು. ವಿದ್ಯಾರ್ಥಿನಿ ಬರೆದುಕೊಂಡಳು: "5.12. ಚೀಲ ಎತ್ತಿದರು. 5.15. ಮೇಲೆ ಬಂದರು."

ಅವತ್ತು ಮುಸ್ಸಂಜೆ ಹರಟೆಮಲ್ಲಗಳು ಮಲಗುವುದನ್ನು ಅವರಿಗೆ ತೋರಿಸಿದೆ. ಒಂದೇ ಕೊಂಬೆಯಲ್ಲಿ ಮೈಗೆ ಮೈ ಒತ್ತಿಕೊಂಡು ಸಾಲಾಗಿ ಕೂರುತ್ತವೆ. ತುದಿಯಲ್ಲಿದ್ದದ್ದು ಎದ್ದು, ಉಳಿದವುಗಳ ಬೆನ್ನ ಮೇಲೆ ಹಾಯ್ದು, ನಡುವೆ ತೂರಿಕೊಂಡಿತು. ಇನ್ನೊಂದು ಅದರ ಕತ್ತಿನ ಗರಿ ಬಿಡಿಸತೊಡಗಿತು. "ಥೇಟ್ ನಮ್ಮ ಮೆಟ್ಟಿಲು!" ಎಂದ ಒಬ್ಬ ಹುಡುಗ. ಒಪ್ಪಿಬಿಡುವ ಆಸೆ ನನಗೂ ಆಯಿತು. ಆದರೆ ಒಂದು ವ್ಯತ್ಯಾಸ ಹೇಳದೆ ಇರಲಾಗಲಿಲ್ಲ. ಪಕ್ಷಿವಿಜ್ಞಾನಿ ಎ. ಜೆ. ಗ್ಯಾಸ್ಟನ್ 1970ರ ದಶಕದಲ್ಲಿ ದೆಹಲಿಯಲ್ಲಿ ಈ ಹಕ್ಕಿಗಳ ಬೆನ್ನುಹತ್ತಿದ್ದರು. ಇವುಗಳ ಗುಂಪು ಹೆಚ್ಚಾಗಿ ಒಂದೇ ಬಳಗ. ಬೆಳೆದ ಮರಿಗಳು ಅಲ್ಲೇ ಉಳಿದು ಮುಂದಿನ ಮರಿಗಳಿಗೆ ಗುಟುಕು ಕೊಡುತ್ತವೆ. ಹುಟ್ಟಿದ ಹಕ್ಕಿಗೆ ಕೂರಲು ಕೊಂಬೆ ಮೊದಲೇ ಇದೆ. ಮೆಟ್ಟಿಲ ಮೇಲಿನ ಹದಿನಾಲ್ಕು ಜನರ ಬಳಗವೋ ಘಟ್ಟದಾಚೆ ಉಳಿದಿದೆ. ಇಲ್ಲಿ ಕುಷ್ಟಗಿಗೂ ಬಾದಾಮಿಗೂ ನಂಟಿಲ್ಲ, ಸಿಂದಗಿಗೂ ರೋಣಕ್ಕೂ ಇಲ್ಲ. 2004ರ ಮಳೆಗಾಲದಲ್ಲಿ ಕೆಳಗೆ ಬೈನಾದ ಗುಡಿಸಲುಗಳನ್ನು ಸರ್ಕಾರ ಕೆಡವಿದಾಗ ಒಂದು ಓಣಿಯವರು ಹತ್ತು ಓಣಿಗೆ ಚದುರಿದರು. ಇಂಥಲ್ಲಿ ಗುಂಪು ತಾನಾಗಿ ಹುಟ್ಟುವುದಿಲ್ಲ, ಕಟ್ಟಬೇಕು. ಚೀಲ ಎತ್ತಿಟ್ಟು ಕಟ್ಟಬೇಕು. ಅದಕ್ಕೇ ಇದೊಂದು ವಿದ್ಯೆ, ಒಂದು ವೃತ್ತಿ.

ಈ ವೃತ್ತಿಯವರದೇ ಒಂದು ಅಂತರರಾಷ್ಟ್ರೀಯ ಸಂಘವಿದೆ. ಅದರ ಮೊದಲ ಸಮ್ಮೇಳನ 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಗ್ರೇಸ್ ಕಾಯ್ಲ್ ಅವರ ನೆನಪಿನಲ್ಲಿ ನಡೆಯಿತು. ಗುಂಪಿನೊಳಗೆ ನಡೆಯುವುದನ್ನು ಶಿಸ್ತಾಗಿ ನೋಡಬಹುದು ಎಂದು 1930ರಲ್ಲೇ ಪುಸ್ತಕ ಬರೆದವರು ಆಕೆ. ನಮ್ಮಲ್ಲಿ 1936ರಲ್ಲಿ ಮುಂಬೈಯಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಶಾಲೆ ಬಂತು, 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ. ಸಮಾಜಕಾರ್ಯದ ಮಾತನ್ನು ಕನ್ನಡದಲ್ಲಿ ಆಡಬಹುದು, ಬರೆಯಬಹುದು ಎಂದು ಎಚ್. ಎಂ. ಮರುಳಸಿದ್ದಯ್ಯನವರು ತೋರಿಸಿಕೊಟ್ಟರು. ಈ ಮಕ್ಕಳ ಪ್ರಬಂಧ ಇಂಗ್ಲಿಷಿನಲ್ಲಿತ್ತು. ಆದರೆ "ಕುಂದ್ರವಾ ತಂಗಿ" ಎಂಬುದನ್ನು ಅವರು ಅನುವಾದಿಸದೆ ಕನ್ನಡದಲ್ಲೇ ಇಟ್ಟುಕೊಂಡರು. ನನಗೆ ತುಂಬಾ ಸಂತೋಷವಾಯಿತು.

ಗುಂಪಿನ ಜೊತೆಗಿನ ಕೆಲಸ ಮುಗಿಸುವುದನ್ನು ಮುಂಚಿತವಾಗಿಯೇ ಹೇಳಬೇಕು ಎಂಬುದು ವಿದ್ಯಾರ್ಥಿಗಳು ಕಲಿತ ಪಾಠ. ಮೂರು ವಾರ ಮೊದಲಿನಿಂದ ಹೇಳಿದರು: ಡಿಸೆಂಬರಿನ ಮೊದಲ ಐತವಾರ ಕೊನೆಯದು. ಆ ದಿನ ಪ್ರಬಂಧದಲ್ಲಿ ಏನೇನಿದೆ ಎಂದು ಓದಿ ಹೇಳಿ, ಯಾರ ಹೆಸರನ್ನೂ ಹಾಕುವುದಿಲ್ಲ ಎಂದರು.

"ಹೆಸರ ಬ್ಯಾಡಂದ್ರ ಬ್ಯಾಡ," ಎಂದರು ಕುಷ್ಟಗಿಯವರು. "ಮಂಗೋರ್ ಅಂತ ಮಾತ್ರ ಬರಿ, ತಂಗಿ. ದೊಡ್ಡದಾಗಿ ಬರಿ."

ಹಾಗೇ ಬರೆದರು. ಹಾಳೆಯ ನೆತ್ತಿಯ ಮೇಲೆ, ಸೋಷಿಯೋಗ್ರಾಮಿನ ವೃತ್ತಗಳಿಗಿಂತ ಮೇಲೆ.

ಮರು ಐತವಾರದ ನನ್ನ ಟಿಪ್ಪಣಿ. ಗಾಳಿ ಕಡಲಿನ ಕಡೆಯಿಂದ. ಗೇರುಮರದಲ್ಲಿ ಹರಟೆಮಲ್ಲ ಎಂಟು. ವಿದ್ಯಾರ್ಥಿಗಳು ಸಮ್ಮೇಳನಕ್ಕೆ ಹೋಗಿದ್ದಾರೆ. 4.20ಕ್ಕೆ ಮೆಟ್ಟಿಲು ಖಾಲಿ. 4.25ಕ್ಕೆ ಕುಷ್ಟಗಿಯವರು ಬಂದರು, ಒಬ್ಬರೇ. ಮೇಲಿನ ಮೆಟ್ಟಿಲಿನಿಂದ ಕಸ ಗುಡಿಸುತ್ತ ನಳದ ತನಕ ಇಳಿದರು. ಚಾಪೆ ಹಾಸಿದರು. ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡರು.