ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ

ಹೈಸ್ಕೂಲಿನಲ್ಲಿ ಅಂಕ ಸಾಲದೆ ಹೋದವರು, ಮನೆಯ ಕಷ್ಟಕ್ಕೆ ಬೇಗ ಕೆಲಸ ಹಿಡಿದವರು, ಮೂವತ್ತು ದಾಟಿದ ಮೇಲೆ ಓದಬೇಕೆನಿಸಿದವರು ಬರ್ಕ್ಲಿಯಂಥ ವಿಶ್ವವಿದ್ಯಾಲಯದ ಪದವಿ ಪಡೆಯಬಹುದೇ? ಕ್ಯಾಲಿಫೋರ್ನಿಯಾದಲ್ಲಿ ಪಡೆಯಬಹುದು. ಊರಿಗೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮೊದಲ ಎರಡು ವರ್ಷದ ಪಾಠ ಮುಗಿಸಿ, ಮೂರನೆಯ ವರ್ಷಕ್ಕೆ ಸರ್ಕಾರಿ ವಿಶ್ವವಿದ್ಯಾಲಯ ಸೇರುವ ಈ ದಾರಿಗೆ ಅಲ್ಲಿ ‘ಟ್ರಾನ್ಸ್‌ಫರ್’ ಎನ್ನುತ್ತಾರೆ.

ಇದು ಯಾರದೋ ಔದಾರ್ಯದಿಂದ ಬಂದ ಏರ್ಪಾಡಲ್ಲ. ಕ್ಲಾರ್ಕ್ ಕೆರ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದಾಗ, 1960ರಲ್ಲಿ ಆ ರಾಜ್ಯ ಉನ್ನತ ಶಿಕ್ಷಣಕ್ಕೊಂದು ಮಹಾಯೋಜನೆ ಮಾಡಿಕೊಂಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮುಂಚೂಣಿಯ ಎಂಟನೇ ಒಂದು ಭಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಮೂರನೇ ಒಂದು ಭಾಗ ಇನ್ನೊಂದು ಸರ್ಕಾರಿ ವ್ಯವಸ್ಥೆಯಾದ ಸ್ಟೇಟ್ ಯೂನಿವರ್ಸಿಟಿಗೆ ಅರ್ಹರು; ಕಮ್ಯುನಿಟಿ ಕಾಲೇಜು ಮಾತ್ರ ಎಲ್ಲರಿಗೂ. ಹದಿನೆಂಟರ ವಯಸ್ಸಿನಲ್ಲಿ ಒಬ್ಬರ ಯೋಗ್ಯತೆ ತೀರ್ಮಾನವಾಗಿಬಿಡಬಾರದು ಎಂಬಂತೆ ವರ್ಗಾವಣೆಯ ದಾರಿಯೂ ಆ ಯೋಜನೆಯೊಳಗಿತ್ತು. ಇಂದು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ.

ದುಡ್ಡಿನ ಲೆಕ್ಕವೂ ಚಿಕ್ಕದಲ್ಲ. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಸೆಮಿಸ್ಟರ್ ಯೂನಿಟ್ (ಕ್ರೆಡಿಟ್) ಒಂದಕ್ಕೆ 46 ಡಾಲರ್. ದಾಟಲು ಬೇಕಾದ 60 ಯೂನಿಟ್‌ಗೆ 2,760 ಡಾಲರ್ ಸಾಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷದ ಶುಲ್ಕ ಹದಿನಾಲ್ಕು ಸಾವಿರ ಡಾಲರನ್ನೂ ಮೀರುತ್ತದೆ. ಕೊನೆಗೆ ಸಿಗುವ ಪದವಿ ಮಾತ್ರ ಮೊದಲ ವರ್ಷದಿಂದ ಅಲ್ಲೇ ಓದಿದವರಿಗೆ ಸಿಗುವುದೇ.

ಹಲವರು ಎಡವುವುದು 60 ಯೂನಿಟ್ ಎಂಬ ಈ ಲೆಕ್ಕದಲ್ಲೇ. ಯೂನಿಟ್ ತುಂಬಿದರೆ ಸಾಲದು, ಸರಿಯಾದ ಪಾಠಗಳಿಂದ ತುಂಬಬೇಕು. ಭೌತಶಾಸ್ತ್ರವನ್ನೇ ನೋಡಿ. ಒಂದೇ ಕಾಲೇಜಿನಲ್ಲಿ ಅದರ ಎರಡು ಪಾಠಕ್ರಮಗಳಿರುತ್ತವೆ: ಬೀಜಗಣಿತ ಗೊತ್ತಿದ್ದರೆ ಸಾಕೆನ್ನುವುದೊಂದು, ಕ್ಯಾಲ್ಕುಲಸ್ ಬೇಡುವುದೊಂದು. ಎಂಜಿನಿಯರಿಂಗ್ ಬಯಸುವ ಹುಡುಗಿ ಮೊದಲನೆಯದನ್ನು ಓದಿದರೆ ಯೂನಿಟ್ ಲೆಕ್ಕಕ್ಕೆ ಸೇರುತ್ತದೆ, ಆದರೆ ಎಂಜಿನಿಯರಿಂಗ್ ವಿಭಾಗ ಅದನ್ನು ಒಪ್ಪುವುದಿಲ್ಲ. ಆಕೆ ಮತ್ತೆ ಓದಬೇಕು, ವರ್ಷ ಕಳೆಯುತ್ತದೆ. ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬುದನ್ನು ‘ಅಸಿಸ್ಟ್’ ಎಂಬ ಸಾರ್ವಜನಿಕ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಈ ದಾರಿ ಹಿಡಿಯುವವರಿಗೆ ಇದಕ್ಕಿಂತ ಮುಖ್ಯವಾದ ಓದು ಇನ್ನೊಂದಿಲ್ಲ.

ಸೀಟಿನ ಖಾತರಿಯೂ ಉಂಟು. 2010ರ ಕಾನೂನಿನಿಂದ ಬಂದ, ಕಮ್ಯುನಿಟಿ ಕಾಲೇಜಿನಲ್ಲೇ ಸಿಗುವ ‘ವರ್ಗಾವಣೆಯ ಅಸೋಸಿಯೇಟ್ ಪದವಿ’ ಪಡೆದವರಿಗೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಎಲ್ಲಾದರೊಂದು ಕಡೆ ಜಾಗ ಸಿಗಲೇಬೇಕು. ಬಯಸಿದ ಊರಲ್ಲೇ ಎಂದೇನಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಕ್ಯಾಂಪಸ್‌ಗಳು ಷರತ್ತಿನ ಮೇಲೆ ಖಾತರಿ ಕೊಡುತ್ತವೆ. ಈ ಖಾತರಿಯ ಅರ್ಜಿಯನ್ನು ಸೆಪ್ಟೆಂಬರ್‌ನಲ್ಲೇ, ಒಂದೇ ಕ್ಯಾಂಪಸ್‌ಗೆ ಹಾಕಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಈ ಖಾತರಿಯಲ್ಲಿಲ್ಲ; ಅಲ್ಲಿ ಪೈಪೋಟಿಯೇ.

ಇಷ್ಟಿದ್ದೂ, ದಾಟಬೇಕೆಂದು ಸೇರಿದವರಲ್ಲಿ ಹೆಚ್ಚಿನವರು ನಾಲ್ಕು ವರ್ಷ ಕಳೆದರೂ ದಾಟಿರುವುದಿಲ್ಲ. ರಾತ್ರಿ ಪಾಳಿ, ಬಾಡಿಗೆ, ಮಕ್ಕಳು, ಕ್ಲಾಸಿಗೆ ಹೊಂದದ ಬಸ್ಸಿನ ವೇಳೆ, ಕಾರಣಗಳು ಹಲವು. ಬಹುಕಾಲ ಇನ್ನೊಂದು ತಡೆಯೂ ಇತ್ತು: ಪ್ರವೇಶದ ಹೊತ್ತಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ವರ್ಗಾವಣೆಯ ಲೆಕ್ಕಕ್ಕೆ ಸೇರದ ಬುನಾದಿ ಗಣಿತವನ್ನೇ ಮತ್ತೆ ಮತ್ತೆ ಓದಬೇಕಿತ್ತು. 2017ರ ಕಾನೂನು ಅದನ್ನು ಬಹುಮಟ್ಟಿಗೆ ತೆಗೆಯಿತು. ತೆಗೆದದ್ದು ನ್ಯಾಯವೇ. ಬಡವರ ಮಕ್ಕಳ ಹರೆಯ ಅಲ್ಲೇ ಕರಗುತ್ತಿತ್ತು.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ಸೇರುವುದನ್ನು ಕಂಡಿರುವ ಕನ್ನಡಿಗರಿಗೆ ಈ ದಾರಿ ತೀರ ಹೊಸದೇನಲ್ಲ. ಕ್ಯುಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಡಿ ಆಂಜಾ, ಓಲೋನಿ ಕಾಲೇಜುಗಳು ಮನೆಯ ಹತ್ತಿರವೇ ಇವೆ. ಮಗಳೋ ಮಗನೋ ಅಲ್ಲಿಗೆ ಸೇರುತ್ತೇನೆಂದರೆ ನೆಂಟರೆದುರು ತಗ್ಗಿದ ದನಿಯಲ್ಲಿ ಹೇಳಬೇಕಾಗಿಲ್ಲ. ಮೊದಲ ಟರ್ಮ್‌ನಲ್ಲೇ ಕಾಲೇಜಿನ ಟ್ರಾನ್ಸ್‌ಫರ್ ಕೌನ್ಸೆಲರ್ ಬಳಿ ಕಳುಹಿಸಿ, ಎರಡು ವರ್ಷದ ಪಾಠಗಳ ಪಟ್ಟಿಯನ್ನು ಲಿಖಿತವಾಗಿ ಮಾಡಿಸಿಕೊಳ್ಳಲು ಹೇಳಿ.